ಆಮೆನ್‌ಗೆ ಮುಂಚೆ

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಸೀನಿಯರ್‌ಗಳ ಮೇಜಿನ ಮುಂದೆ ನಿಂತು, ಕಣ್ಣು ಮುಚ್ಚಿ, ಕೈ ಜೋಡಿಸಿ, ನರ್ಸಿಂಗ್ ಹುಡುಗಿ ತನ್ನ ರೂಮಿನ ಗೆಳತಿಯ ಪ್ರಾರ್ಥನೆಯನ್ನು ಅವಳದೇ ಕೀರಲು ದನಿಯಲ್ಲಿ ಅಣಕಿಸುತ್ತಿದ್ದಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

"ಕರ್ತನೇ, ಈ ಊಟಕ್ಕೆ ಸ್ತೋತ್ರ. ಮೂರನೇ ವಾರ್ಡಿನ ತಾತನನ್ನು ಕಾಯಪ್ಪಾ. ನನ್ನ ಗೆಳತಿಯ ಅಮ್ಮನ ಕಣ್ಣು..."

ಹುಡುಗಿ ಅಲ್ಲಿಗೇ ನಿಲ್ಲಿಸಿ ಕಣ್ಣು ತೆರೆದಳು. ಪ್ರಾರ್ಥನೆಯಲ್ಲಿದ್ದ ಆ ಗೆಳತಿ ಎಂದರೆ ತಾನೇ. ಆ ಕಣ್ಣು ತನ್ನ ಅಮ್ಮನದು. ಆಪರೇಷನ್ ಆದಾಗಿನಿಂದ ಒಂದು ಹೊತ್ತೂ ತಪ್ಪಿಸದೆ ಅದಕ್ಕಾಗಿ ಬೇಡಿಕೊಂಡ ರೂಮಿನ ಗೆಳತಿ ಈಗ ಮೂಲೆಯಲ್ಲಿ ತಲೆ ತಗ್ಗಿಸಿ, ಉಣ್ಣದ ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು. ಹುಡುಗಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಯಾಕಮ್ಮಾ ಭಕ್ತೆ, ನಿಲ್ಲಿಸಿಬಿಟ್ಟೆ? ಆಮೆನ್ ಅನ್ನೇ!" ಎಂದು ನಗುತ್ತಾ ಸೀನಿಯರ್ ಅಕ್ಕ ಪಕ್ಕದ ಕುರ್ಚಿ ಎಳೆದಳು. "ಬಾ, ಇವತ್ತಿಂದ ನೀನು ನಮ್ಮವಳು."

"ಬೇಡಕ್ಕ. ನಾನಿಲ್ಲಿ ಕೂರಲ್ಲ."