ಹೆಸರು ಹೇಳಿ ತಟ್ಟಿದ ರೊಟ್ಟಿ

ಎಲ್ಲಿಂದಲೋ ಬಂದ ಮೆಸೇಜ್ ಅಲ್ಲ ಇದು... ಬದನೆಕಾಯಿ ಹೆಚ್ಚುತ್ತಾ ಕೂತು ನಾನೇ ಕಣ್ಣಾರೆ ಕಂಡದ್ದು. ಕೊನೆಯವರೆಗೂ ಓದಿ.

ಗದಗದ ಹತ್ತಿರ ನಮ್ಮದೊಂದು ಸಣ್ಣ ಚರ್ಚ್. ತಿಂಗಳ ಮೊದಲ ಭಾನುವಾರ ಕರ್ತನ ಭೋಜನದ ಆರಾಧನೆ, ಯೇಸುವಿನ ನೆನಪಿಗೆ ಬ್ರೆಡ್ಡಿನ ಚೂರು, ದ್ರಾಕ್ಷಾರಸ ತೆಗೆದುಕೊಳ್ಳುವುದು... ಅದು ಮುಗಿದ ಮೇಲೆ ಎಲ್ಲರಿಗೂ ಬಿಸಿ ಜೋಳದ ರೊಟ್ಟಿಯ ಊಟ.

ಹದಿನಾಲ್ಕು ವರ್ಷದಿಂದ ಆ ರೊಟ್ಟಿ ತಟ್ಟುವವಳು ಹನ್ನಮ್ಮ. ಆರಾಧನೆಯ ಹೊತ್ತಿಗೇ ಒಲೆ ಮುಂದೆ ಕೂರಬೇಕು... ಪಾಪ, ಅಷ್ಟು ವರ್ಷವೂ ಅವಳಿಗೆ ಕರ್ತನ ಭೋಜನ ತಪ್ಪಿತ್ತು.

ಅವಳ ತಂಗಿ ದೇವಕೃಪಾಳಿಗೆ ಮಾತ್ರ ಮೊದಲ ಬೆಂಚು. ಮುಚ್ಚಿದ ಕಣ್ಣು, ಮಡಿಲಲ್ಲಿ ಪ್ರಾರ್ಥನೆಯ ನೋಟ್‌ಬುಕ್... ಒಂದೇ ಮನೆಯಲ್ಲಿದ್ದರೂ ಇಬ್ಬರೂ ಉತ್ತರ ದಕ್ಷಿಣ!

ಅಂಥದೊಂದು ಭಾನುವಾರದ ಹಿಂದಿನ ದಿನ ಸ್ತ್ರೀಯರ ಕೂಟದಲ್ಲಿ ಎಲ್ಲರೆದುರು ತಂಗಿ ಅಂದುಬಿಟ್ಟಳು, "ನಮ್ಮಕ್ಕಗ ರೊಟ್ಟೀನ ದೇವ್ರು. ಅಕಿ ಪ್ರಾರ್ಥನಾ ಮಾಡಿದ್ದು ನಾ ಒಂದಿನಾ ಕಂಡಿಲ್ಲ."

ಮರುದಿನ ನಾನು ಮೊದಲ ಸಲ ಅಡುಗೆಗೆ ಕೈ ಹಾಕಲು ಹೋದರೆ, ಹಿಟ್ಟು ನಾದುತ್ತಾ ಹನ್ನಮ್ಮ ಅಳುತ್ತಿದ್ದಳು.

"ಇದ ಕಡೀ ರೊಟ್ಟಿ ನೋಡವಾ. ನಾಳಿಂದ ಅಕಿ ಮನಿ ಬ್ಯಾರೆ, ನನ್ನ ಮನಿ ಬ್ಯಾರೆ."

ಆಮೇಲೆ ತಟ್ಟಲು ಶುರು ಮಾಡಿದಳು. ತಟ್ಟುತ್ತಾ ಏನೋ ಗೊಣಗುತ್ತಿದ್ದಳು... ಕಿವಿಗೊಟ್ಟೆ.

"ಇದು ದಾವೀದ ಮಾಸ್ತರ ಮನಿದು... ಅವರ ಮೊಣಕಾಲ ನೋವು ಕಡಿಮಿ ಆಗ್ಲಿ. ಇದು ಸಲೋಮಿದು... ಈ ಸಲಾರ ಅಕಿ ಮಡಿಲು ತುಂಬಲಿ."

ಒಂದೊಂದು ರೊಟ್ಟಿಗೆ ಒಂದೊಂದು ಮನೆ. ನನಗೆ ಮೈಯೆಲ್ಲಾ ಜುಮ್ಮೆಂದಿತು.

"ಇದು ನಮ್ಮ ಮನಿದು... ಕೃಪಾಗ ಉಬ್ಬಸ ಬರದಿರ್ಲಿ."

ಅಷ್ಟು ಸಿಟ್ಟಿನಲ್ಲೂ ಆ ಹೆಸರು ಬಿಟ್ಟಿರಲಿಲ್ಲ!

ತಿರುಗಿ ನೋಡಿದರೆ ಬಾಗಿಲಲ್ಲಿ ದೇವಕೃಪಾ. ಅಕ್ಕನನ್ನು ನೋಯಿಸಿದ ಮೇಲೆ ಪ್ರಾರ್ಥನೆಗೆ ಮನಸ್ಸು ನಿಲ್ಲದೆ, ಕ್ಷಮೆ ಕೇಳಲು ಎದ್ದು ಬಂದಿದ್ದಳು.

"ಅಕ್ಕಾ... ಇದೇನ ಮಾಡಾಕತ್ತೀ?"

"ಎಣಸಾಕತ್ತೀನಿ. ಬರೇ ಎಣಿಸಿದ್ರ ತಪ್ಪತೈತಿ, ಮನಿ ಹೆಸರ ಹಿಡದ್ರ ತಪ್ಪಂಗಿಲ್ಲ. ನನಗೆಲ್ಲಿ ಬರತೈತಿ ನಿನ್ನಂಗ ಪ್ರಾರ್ಥನಾ..."

ತಂಗಿ ಅಕ್ಕನ ಕಾಲ ಬಳಿ ಕುಸಿದಳು. "ನನ್ನ ಪುಸ್ತಕದಾಗ ಇಷ್ಟ ಮಂದಿ ಇಲ್ಲಕ್ಕಾ... ತಪ್ಪಾತು ನಂದು."

ಅವಳ ಕೈಯಿಂದ ನೋಟ್‌ಬುಕ್ ಜಾರಿ ಬಿತ್ತು. ಹನ್ನಮ್ಮನಿಗೆ ಓದು ಬಾರದು... ನಾನೇ ಎತ್ತಿ ಓದಿದೆ. ಪುಟ ಪುಟದಲ್ಲೂ ಮೊದಲ ಸಾಲು ಒಂದೇ.

"ಕರ್ತನೇ, ಅಕ್ಕನ ಕೈ ಸುಡದಿರಲಿ."

ಹನ್ನಮ್ಮ ಹಿಟ್ಟು ಮೆತ್ತಿದ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಹದಿನಾಲ್ಕು ವರ್ಷ ಕೆಂಡದಂಥ ಹಂಚಿನ ಮುಂದೆ... ಆ ಕೈಯಲ್ಲಿ ಸುಟ್ಟ ಕಲೆ ಒಂದೂ ಇರಲಿಲ್ಲ!

ಅಷ್ಟರಲ್ಲಿ ಕರ್ತನ ಭೋಜನಕ್ಕೆ ಕರೆ ಬಂತು. ತಂಗಿ ಸೆರಗು ಸಿಕ್ಕಿಸಿ ಒಲೆ ಮುಂದೆ ಕೂತಳು. "ನೀ ಹೋಗಕ್ಕಾ. ಉಳಿದಿದ್ದು ನಾ ತಟ್ತೀನಿ. ಹೆಸರ ಹೇಳಿ ತಟ್ತೀನಿ."

ಅವಳ ರೊಟ್ಟಿ ಒಂದಾದರೂ ದುಂಡಗಿರಲಿಲ್ಲ ಬಿಡಿ! ಆದರೆ ಅವತ್ತು ಹನ್ನಮ್ಮ ಹಿಟ್ಟಿನ ಕೈಯನ್ನೇ ಒಡ್ಡಿ, ಹದಿನಾಲ್ಕು ವರ್ಷದ ಮೇಲೆ ಕರ್ತನ ಭೋಜನ ತೆಗೆದುಕೊಂಡಳು. ಜೊತೆಗೆ ಹೋಗಿದ್ದ ನಾನೂ ಅದನ್ನು ನೋಡಿ ಅತ್ತುಬಿಟ್ಟೆ.

ದುಡಿಯುವ ಕೈಯನ್ನು ಕಾಯುವುದು ಪ್ರಾರ್ಥನೆ... ಪ್ರಾರ್ಥನೆಗೆ ಕೈಯಾಗುವುದು ಸೇವೆ.

ನಿಮ್ಮ ಕೈ ಸುಡದಿರಲಿ ಎಂದು ಮನೆಯಲ್ಲಿ ಯಾರು ಬೇಡುತ್ತಿದ್ದಾರೆ... ಎಂದಾದರೂ ಕೇಳಿದ್ದೀರಾ?