ಏಳನೆಯ ಬದಲಿ ಆಟಗಾರ

"ಕೈಗವಸು ಹಾಕ್ಕೊಳೋ ಬೆಂಚಪ್ಪ, ಇಳೀತಿದೀಯ" ಎಂದು ತರಬೇತುದಾರರು ಬೆನ್ನಿಗೊಂದು ಗುದ್ದು ಕೊಟ್ಟಾಗ ಆತ ನಂಬಲಿಲ್ಲ. ಹನ್ನೊಂದು ವರ್ಷ ರಾಷ್ಟ್ರೀಯ ಫುಟ್‌ಬಾಲ್ ತಂಡದ ಬೆಂಚು ಕಾದ ಗೋಲ್‌ಕೀಪರನಿಗೆ ಅದು ಎಂದಿನ ಕುಚೋದ್ಯವೆಂದೇ ತೋರಿತು. ಬೆಂಚಪ್ಪನೆಂಬ ಹೆಸರೂ ಜೊತೆಯವರು ಕುಚೋದ್ಯಕ್ಕೆ ಇಟ್ಟಿದ್ದೇ. ದೇಶದ ಅಂಗಿ ತೊಟ್ಟು ಅವನು ಸುತ್ತದ ನಾಡಿಲ್ಲ. ಆದರೆ ಆ ಅಂಗಿಗೆ ಪಂದ್ಯದ ಬೆವರು ಒಂದು ಹನಿಯೂ ಸೋಕಿರಲಿಲ್ಲ. ಅಂತರರಾಷ್ಟ್ರೀಯ ಪಂದ್ಯವೊಂದರಲ್ಲಿ ಗಳಿಗೆಯ ಮಟ್ಟಿಗಾದರೂ ಮೈದಾನಕ್ಕಿಳಿದವನೇ ದೇಶಕ್ಕಾಗಿ ಆಡಿದವನು, ಉಳಿದವರು ಜೊತೆಗೆ ಹೋಗಿಬಂದವರು ಎಂಬುದು ಆ ಆಟದ ಕಟ್ಟಳೆ. ನಾಲ್ಕು ದೇಶಗಳನ್ನು ಕರೆದು ಆಡಿಸುತ್ತಿದ್ದ ಈ ಆಹ್ವಾನಿತ ಪಂದ್ಯಾವಳಿಯ ಫೈನಲ್ ಮುಗಿದರೆ ಅವನ ಕಾಲವೂ ಮುಗಿದಂತೆ; ಅವನ ಜಾಗಕ್ಕೆ ಬೇರೊಬ್ಬನನ್ನು ಆಗಲೇ ಗೊತ್ತುಮಾಡಿದ್ದರು.

ತಂಡ ಮೂರು ಗೋಲುಗಳಿಂದ ಮುಂದಿತ್ತು. ಮೂರನ್ನೂ ಹೊಡೆದವನು 'ಜಿಂಕೆ' ಎಂದು ಎಲ್ಲರೂ ಕರೆಯುವ ಹೊಸ ಆಟಗಾರ. ದೇಶಕ್ಕಾಗಿ ಅವನಿಗೆ ಇದು ಮೊದಲ ಪಂದ್ಯ. ಸ್ವಲ್ಪ ಹೊತ್ತಿನ ಮುಂಚೆ ಬದಿಯ ಗೆರೆಯ ಹತ್ತಿರ ನೀರು ಕುಡಿಯಲು ಬಂದವನು ತರಬೇತುದಾರರಿಗೆ ಗಂಟುಬಿದ್ದಿದ್ದ.

"ಸಾರ್, ಹೆಂಗೂ ಗೆದ್ದಾಯ್ತು. ಬೆಂಚಪ್ಪಣ್ಣನ್ನ ಇಳಿಸ್ಬಿಡಿ. ಪಾಪ, ಹೆಂಡ್ತಿ ಬೇರೆ ಬಂದು ಕೂತಿದಾರೆ."

"ಆರು ಜನ ಬದಲಿ ಆಗಲೇ ಇಳಿದಾಯ್ತಲ್ಲೋ. ಇವನು ಏಳನೇವನಾಗ್ತಾನೆ."

"ಎದುರಿನವರು ಒಪ್ಪಿದ್ರೆ ಎಷ್ಟು ಜನಾನಾದ್ರೂ ಇಳಿಸ್ಬಹುದು ಅಂತ ಆಡಿಸೋರು ಮೊದಲ ದಿನವೇ ಹೇಳಿದ್ರಲ್ಲ ಸಾರ್. ಕೇಳೋದಕ್ಕೇನು, ಬಾಯಿ ಸವೆಯುತ್ತಾ?"

ತರಬೇತುದಾರರು ಎದುರು ತಂಡದ ಮ್ಯಾನೇಜರನ ಬಳಿ ಹೋಗಿ ಕೇಳಿದರು. ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದ ಆ ಮನುಷ್ಯ ವಿಷಯ ಕಿವಿಗೆ ಬೀಳುತ್ತಲೇ ಅರಳಿದ. ದಡಬಡಿಸಿ ಎದ್ದು ಬಂದು ಬೆಂಚಪ್ಪನ ಎರಡೂ ಕೈ ಹಿಡಿದು ಕುಲುಕಿದ. ತನ್ನವರತ್ತ ತಿರುಗಿ ಅವರ ಭಾಷೆಯಲ್ಲಿ ಏನೋ ಹೇಳಿದ. ಅವರೂ ಎದ್ದುನಿಂತು ಚಪ್ಪಾಳೆ ತಟ್ಟಿದರು.

"ನೋಡ್ರೋ, ದೊಡ್ಡತನ ಅಂದ್ರೆ ಇದು" ಎಂದರು ತರಬೇತುದಾರರು, ತಮ್ಮ ಹುಡುಗರತ್ತ ತಿರುಗಿ. "ಸೋಲ್ತಾ ಇದ್ರೂ ಮನಸ್ಸು ಸಣ್ಣದು ಮಾಡ್ಕೊಳ್ಲಿಲ್ಲ."

ಬೆಂಚಪ್ಪ ಗೋಲು ಕಂಬಗಳ ನಡುವೆ ಹೋಗಿ ನಿಂತ. ಇಷ್ಟು ವರ್ಷ ಮಗ್ಗುಲಿನಿಂದ ಕಂಡಿದ್ದ ಆಟ ಈಗ ಎದುರಿನಿಂದ ತನ್ನತ್ತಲೇ ಬರುತ್ತಿತ್ತು. ಎಡಬದಿಯಿಂದ ಚೆಂಡೊಂದು ಎತ್ತರಕ್ಕೆ ತೇಲಿ ಬಂತು. ಅವನು ಹಾರಿದ, ಹಿಡಿದ, ಹಿಡಿದದ್ದನ್ನು ತಬ್ಬಿಕೊಂಡೇ ನೆಲಕ್ಕೆ ಬಿದ್ದ. "ಬಿಡಣ್ಣ ಅದನ್ನ, ಮನೆಗೆ ಹೊತ್ಕೊಂಡು ಹೋಗ್ತೀಯಾ?" ಎಂದು ಜೊತೆಯವನೊಬ್ಬ ಕೂಗಿದ್ದಕ್ಕೆ ಎಲ್ಲರೂ ನಕ್ಕರು. ಕೊನೆಯ ಸೀಟಿ ಊದಿದಾಗ ಅವರು ಹೆಗಲ ಮೇಲೆ ಹೊತ್ತು ಕುಣಿದದ್ದು ಬೆಂಚಪ್ಪನನ್ನು. ಹೊರಲು ಮೊದಲು ಹೆಗಲು ಕೊಟ್ಟವನು ಜಿಂಕೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಒದ್ದೆ ಕಾಲ್ಚೀಲಗಳ ರಾಶಿಯ ಪಕ್ಕ ಗೆದ್ದ ಕಪ್ ಹೊಳೆಯುತ್ತಿತ್ತು. ಪಂದ್ಯದ ನಿರೀಕ್ಷಕರು ಬಾಗಿಲಲ್ಲೇ ನಿಂತು ಗಂಟಲು ಸರಿಮಾಡಿಕೊಂಡರು.

"ಕಪ್ ನಿಮ್ಮದೇ, ಅದಕ್ಕೇನೂ ತೊಂದ್ರೆ ಇಲ್ಲ. ಆದ್ರೆ ಈ ಆಟ ಅಂತರರಾಷ್ಟ್ರೀಯ ಪಂದ್ಯ ಅಂತ ಲೆಕ್ಕಕ್ಕೆ ಬರಲ್ಲ. ಆರಕ್ಕಿಂತ ಹೆಚ್ಚು ಬದಲಿ ಇಳಿದ್ರೆ ಅದು ಬರೀ ಅಭ್ಯಾಸದ ಆಟ ಆಗ್ಬಿಡುತ್ತೆ."

"ಅವರು ಒಪ್ಪಿದ್ರಲ್ಲ!" ಎಂದರು ತರಬೇತುದಾರರು.

"ಆಡೋಕೆ ಅವರು ಒಪ್ಪಿದ್ರೆ ಸಾಕು. ಲೆಕ್ಕಕ್ಕೆ ತಗೊಳೋರು ಮೇಲಿನ ಒಕ್ಕೂಟದವರು, ಅವರು ಒಪ್ಪಲ್ಲ. ಆ ಮ್ಯಾನೇಜರಿಗೆ ಇದೆಲ್ಲ ಬಾಯಿಪಾಠ. ನಿಮಗೆ ಹೇಳ್ಲಿಲ್ವಾ?"

"ಹಂಗಾದ್ರೆ ನನ್ನ ಗೋಲುಗಳು?" ಜಿಂಕೆಯ ದನಿ ಬಾವಿಯೊಳಗಿಂದ ಬಂದಂತಿತ್ತು.

"ನಿನ್ನ ಗೋಲೂ ಇಲ್ಲ, ಅವರ ಸೋಲೂ ಇಲ್ಲ. ಇವತ್ತು ಯಾರೂ ದೇಶಕ್ಕೆ ಆಡಿದ ಹಂಗಲ್ಲ ಕಣಪ್ಪ."

ನಿರೀಕ್ಷಕರು ಹೊರಟುಹೋದರು. ತರಬೇತುದಾರರು ಗೋಡೆಗೆ ಮುಖ ಮಾಡಿ ನಿಂತರು. ಜಿಂಕೆ ಸಿಟ್ಟನ್ನು ಇಳಿಸಲು ಹೆಗಲು ಹುಡುಕುವವನಂತೆ ಒಬ್ಬೊಬ್ಬರನ್ನೇ ನೋಡುತ್ತ ಬಂದು, ಬೆಂಚಪ್ಪನ ಮೇಲೆ ಕಣ್ಣು ನಿಲ್ಲಿಸಿದ.

"ಅಷ್ಟು ವರ್ಷ ಕೂತಿದ್ಯಲ್ಲ, ಇನ್ನೊಂದು ಗಳಿಗೆ ಕೂತಿರೋದಕ್ಕೆ ಏನಾಗಿತ್ತು ನಿಂಗೆ?"

'ಅಣ್ಣ' ಎಂಬ ಮಾತು ಅವನ ಬಾಯಿಂದ ಬಿದ್ದುಹೋಗಿತ್ತು. ಕೇಳಿಕೊಂಡವನು ನೀನೇ ಅಲ್ಲವೇನೋ ಎಂಬ ಪ್ರಶ್ನೆ ಬೆಂಚಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ನುಂಗಿಕೊಂಡು ಎದ್ದ. ದಾರಿ ಬಿಡಲೆಂದು ಎಲ್ಲರೂ ಕಾಲು ಹಿಂದಕ್ಕೆಳೆದುಕೊಂಡರು.

ಕೋಣೆಯ ಹೊರಗಿನ ಓಣಿಯಲ್ಲಿ ಹೆಂಡತಿ ಫೋನು ಹಿಡಿದು ಕಾಯುತ್ತಿದ್ದಳು. "ಅತ್ತಿಗೆಗೆ ಹೇಳ್ದೆ, ಚಿಕ್ಕಪ್ಪಂಗೆ ಹೇಳ್ದೆ. ನಿಮ್ಮಪ್ಪಂಗೆ ಮಾತ್ರ ನೀವೇ ಹೇಳ್ಲಿ ಅಂತ ಬಿಟ್ಟಿದೀನಿ. ತಗೊಳಿ, ಲೈನಲ್ಲೇ ಇದಾರೆ" ಎಂದು ಫೋನು ಮುಂದೆ ಚಾಚಿದಳು. ಬೆಂಚಪ್ಪ ಕೈ ಎತ್ತಲಿಲ್ಲ. ಅವಳು ಅವನ ಮುಖ ನೋಡಿದಳು, ಅವನ ಹಿಂದೆ ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಹೊರಬರುತ್ತಿದ್ದವರನ್ನೂ ನೋಡಿದಳು.

"ಇದೇನ್ರೀ, ಗೆದ್ದೋರು ಹೆಣ ಹೊತ್ತೋರ ಥರ ಬರ್ತಿದೀರಿ? ಸೋತೋರನ್ನ ನೋಡ್ಬೇಕಿತ್ತು, ಬಸ್ಸಲ್ಲಿ ಹಾಡ್ಕೊಂಡು ಹೋದ್ರು."