ಹತ್ತನೇ ಕ್ಲಾಸಿನ ಬಾಟಲಿ

ಸಮಸ್ತ ನಾಗರಿಕರ ಗಮನಕ್ಕೆ: ಪಡಿತರ ಅಂಗಡಿಯಲ್ಲಿ ಕೊಡುವ ಪಾಠದ ಬಾಟಲಿಗಳ ಮುಚ್ಚಳ ಇಂದಿನಿಂದ ಕೆಂಪಲ್ಲ, ಹಳದಿ.

ನೆರೆ ಇಳಿದ ಮೇಲೆ, ಶಾಲೆ ಕಟ್ಟಿಸುವುದಕ್ಕಿಂತ ಅಗ್ಗವೆಂದು ಸರ್ಕಾರ ವಿದ್ಯೆಯನ್ನು ಕುಡಿಸತೊಡಗಿತ್ತು. ಶಾಲೆ ಕಳೆದುಕೊಂಡವರಿಗೆ ಪುಕ್ಕಟೆ, ಉಳಿದವರಿಗೆ ಕೈಗೆಟುಕದ ಬೆಲೆ. ಹುಲಿಗೆವ್ವ ಮಗಳು ಶಾಂತಾಳನ್ನು ಕರೆದುಕೊಂಡು ಸರದಿಯಲ್ಲಿ ನಿಂತಿದ್ದಳು. ಇವತ್ತು ಹತ್ತನೇ ಕ್ಲಾಸು ಕುಡಿದರೆ ಹುಡುಗಿ ನರ್ಸಿಂಗಿಗೆ, ಇಲ್ಲದಿದ್ದರೆ ನಾಳೆ ಕಬ್ಬು ಕಡಿಯುವ ಗ್ಯಾಂಗಿಗೆ.

“ಗಣಿತ ಭಾಳ ಕಹಿ ಅಂತಬೇ.”

“ಮೂಗು ಹಿಡ್ಕೊಂಡು ನುಂಗು. ನಿಮ್ಮಪ್ಪನ ಸಿಟ್ಟು ನುಂಗಿಲ್ಲೇನು ನಾನು?”

ಅಂಗಡಿಯ ಮಲ್ಲೇಶಪ್ಪ ಬಾಟಲಿ ಎತ್ತಿಕೊಂಡು ಕೇಳಿದ. “ನಿಮ್ಮೂರ ಸಾಲಿ ಹೊಳಿಪಾಲಾತೇನವ್ವ?”

“ಕಟ್ಟಡ ಎಲ್ಲಿತ್ರೀ? ಹುಣಸಿಮರದ ಬುಡಕ್ಕ ಮಾಸ್ತರು ಕಲಿಸ್ತಿದ್ರು. ನೀರು ಬಂದಾಗ ಹುಡುಗ್ರೆಲ್ಲಾ ಅದನ್ನ ಹತ್ತೇ ಜೀವ ಉಳಿಸ್ಕೊಂಡ್ರು. ಇವಳೂ ಸುದ್ದಾ.”

“ಮರ ಏನಾತು?”

“ಕಲ್ಲಿನಂಗ ನಿಂತೈತ್ರೀ!” ಹುಲಿಗೆವ್ವ ಹೆಮ್ಮೆಯಿಂದ ಹೇಳಿದಳು.

ಮಲ್ಲೇಶಪ್ಪ ಅವಳ ಮುಖ ನೋಡಲಾರದೆ ಬಾಟಲಿಯನ್ನು ಮೆಲ್ಲಗೆ ಕಪಾಟಿನಲ್ಲಿಟ್ಟ.

“ತಪ್ಪು ತಿಳೀಬ್ಯಾಡವ್ವ. ಸಾಲಿ ಬಿದ್ದೋರಿಗಷ್ಟ ಪುಕ್ಕಟೆ. ನಿಮ್ಮ ಸಾಲಿ ಇನ್ನೂ ನಿಂತೈತಿ.”